ನಾಲ್ಕನೆಯ ನಲ್ಲಿ

ಕುಡಿಯುವುದನ್ನೇ ಬಿಟ್ಟವಳಿಗೆ ಬಿಯರ್ ನಲ್ಲಿ ಯಾಕೆ ಎಂದು ಕೇಳದವರು ಮ್ಯಾನಿಟೊವಾಕ್ ಊರಿನಲ್ಲಿ ಉಳಿದಿರಲಿಲ್ಲ. ನಾದಿನಿ ಕೇಳಿದಳು. ಎದುರುಮನೆಯವನು ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ, ರಸ್ತೆ ದಾಟಿ ಬಂದು ಕೇಳಿದ. ಅಡುಗೆಮನೆಯ ಕಪಾಟು ಮಾಡುವ ಕಾರ್ಖಾನೆಯಲ್ಲಿ ಪಕ್ಕದ ಮೇಜಿನ ಹೆಂಗಸು, ಮೂಗಿಗೆ ಕಟ್ಟಿದ ಬಟ್ಟೆಯನ್ನು ಗಲ್ಲಕ್ಕೆ ಸರಿಸಿ ಕೇಳಿದಳು: "ನಾಲ್ಕರಲ್ಲಿ ಒಂದು ನಿಂಗಾ? ಅದ್ರಲ್ಲಿ ಏನು ಬಿಡ್ತೀಯ, ಪಾದ್ರಿ ಮಂತ್ರಿಸಿದ ನೀರಾ?"

ನಡೀನ್ ಮೊದಮೊದಲು ಉತ್ತರ ಕೊಟ್ಟಳು. ಆಮೇಲೆ ಬಿಟ್ಟಳು. ಉತ್ತರ ಇರಲಿಲ್ಲವೆಂದಲ್ಲ, ಬಾಯಿ ತೆರೆದರೆ ಏನು ಬಂದೀತೋ ಎಂಬ ಹೆದರಿಕೆ ಅವಳದು.

ಅಷ್ಟೂ ಜನರಲ್ಲಿ ಆ ನಾಲ್ಕು ನಲ್ಲಿಯ ತಣ್ಣನೆ ಪೆಟ್ಟಿಗೆಯನ್ನು ಮಾಡಿದ್ದು ಯಾರು ಎಂದು ಕೇಳಿದವರು ಮಾತ್ರ ಒಬ್ಬರೂ ಇಲ್ಲ. ಅವಳ ಗಂಡ ಡ್ವೇನ್ ಮಾಡಿದ ಅಂತಲೇ ಎಲ್ಲರ ಲೆಕ್ಕ. ಗ್ಯಾರೇಜಿನಲ್ಲಿ ಹಂಡೆ ಇಟ್ಟುಕೊಂಡು ಬಿಯರ್ ಕುದಿಸುವವನು ಅವನು, ಆದ್ದರಿಂದ ಬಿಯರ್ ಸುರಿಯುವ ಪೆಟ್ಟಿಗೆಯೂ ಅವನ ಕೈಯಿಂದಲೇ ಉದುರಿರಬೇಕು! ಅವನೂ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಯಾರಾದರೂ ಬೆನ್ನು ತಟ್ಟಿದರೆ ತಟ್ಟಿಸಿಕೊಂಡು ನಿಲ್ಲುತ್ತಿದ್ದ.

ನಿಜ ಹೇಳಬೇಕೆಂದರೆ, ಆ ಪೆಟ್ಟಿಗೆಗೆ ಡ್ವೇನ್ ಕೊಟ್ಟ ಕಾಣಿಕೆ ಒಂದು ಹಳೆಯ ಫ್ರೀಜರ್ ಮತ್ತು ಒಂದು ಕೆಟ್ಟ ಯೋಚನೆ. ಬಾಟಲಿ ತೊಳೆದು ತೊಳೆದು ಬೇಸತ್ತು, ಇನ್ನು ಮುಂದೆ ಉಕ್ಕಿನ ಪೀಪಾಯಿಯಲ್ಲಿ ತುಂಬಿ ನಲ್ಲಿಯಲ್ಲೇ ಹಿಡಿಯುವುದು ಎಂದು ತೀರ್ಮಾನಿಸಿ, ಮೇಲುಗಡೆ ಮುಚ್ಚಳ ತೆರೆಯುವ ಆ ಉದ್ದನೆ ಫ್ರೀಜರನ್ನು ಯಾರದೋ ನೆಲಮನೆಯಿಂದ ಎತ್ತಿಕೊಂಡು ಬಂದ. ಸೀಮೆಸುಣ್ಣದಲ್ಲಿ ಅದರ ಹೊಟ್ಟೆಯ ಮೇಲೆ ದುಂಡನೆ ಗುರುತು ಹಾಕಿ, ಕೊರೆಯುವ ಯಂತ್ರ ಹಿಡಿದು ನಿಂತಿದ್ದಾಗ ನಡೀನ್ ಕೈ ಹಿಡಿದಳು.

"ಅದರ ಗೋಡೆಯೊಳಗೆ ತಣ್ಣನೆ ಗ್ಯಾಸಿನ ಕೊಳವೆ ಸುತ್ತಿದೆ ಕಣೋ. ಒಂದು ತೂತು ಬಿತ್ತು ಅಂದ್ರೆ ಇದು ಫ್ರೀಜರ್ ಅಲ್ಲ, ಶವದ ಪೆಟ್ಟಿಗೆ."

"ಮತ್ತೆ ನಲ್ಲಿ ಎಲ್ಲಿ ಕೂರಿಸೋದು? ನನ್ನ ತಲೆ ಮೇಲಾ?"

"ನೀನು ಯಂತ್ರ ಕೆಳಗಿಡು. ನಾನು ನೋಡ್ಕೋತೀನಿ."

ಅವಳು ನೋಡಿಕೊಂಡಳು. ಪೆಟ್ಟಿಗೆಗೂ ಮುಚ್ಚಳಕ್ಕೂ ನಡುವೆ ಗೇಣೆತ್ತರದ ಮರದ ಚೌಕಟ್ಟು ಕೂರಿಸಿ, ನಲ್ಲಿಗಳನ್ನು ಆ ಮರದಲ್ಲಿ ತೂರಿಸುವುದು ಅವಳ ಯೋಜನೆ. ಮರಕ್ಕಾಗಿ ಅಂಗಡಿಗೆ ಹೋಗಲಿಲ್ಲ. ಚೆಂಡು ಉರುಳಿಸಿ ಮರದ ಪಿನ್ನು ಬೀಳಿಸುವ ಆಟದ, ಕೆರೆ ರಸ್ತೆಯ ಹಳೇ ಬೌಲಿಂಗ್ ಮನೆಯನ್ನು ಆ ಚಳಿಗಾಲದಲ್ಲೇ ಒಡೆಯುತ್ತಿದ್ದರು. ಅವಳ ಅಪ್ಪ ಪ್ರತಿ ಗುರುವಾರ ಚೆಂಡು ಉರುಳಿಸುತ್ತಿದ್ದುದು ಅಲ್ಲೇ, ಡ್ವೇನ್ ಅವಳ ಕಾಲ ಮೇಲೆ ಚೆಂಡು ಬೀಳಿಸಿ ಪರಿಚಯ ಮಾಡಿಕೊಂಡದ್ದೂ ಅಲ್ಲೇ. ಚೆಂಡು ಓಡುವ ದಾರಿಯ ಮೇಪಲ್ ಹಲಗೆಗಳನ್ನು ಕೆಲಸಗಾರರು ಸೌದೆಯಂತೆ ಗಾಡಿಗೆ ಎಸೆಯುತ್ತಿದ್ದಾಗ ಅವಳು ಜಗಳ ಮಾಡಿ ತನ್ನ ಪಿಕಪ್ಪಿಗೆ ಹೇರಿಸಿಕೊಂಡಳು. ಗುರಿ ಹಿಡಿಯಲಿಕ್ಕೆಂದು ಕಪ್ಪು ಮರದಲ್ಲಿ ಕೆತ್ತಿ ಕೂರಿಸಿದ ಬಾಣದ ಗುರುತುಗಳು ಆ ಹಲಗೆಗಳಲ್ಲಿ ಹಾಗೇ ಇದ್ದವು.

ಆ ಮರದ ಮೈಯೆಲ್ಲ ಮೊಳೆ. ಹೊರಗೆ ಒಂದೂ ಕಾಣುವುದಿಲ್ಲ, ಗರಗಸ ಇಟ್ಟರೆ ಕಿಡಿ. ಒಂದೊಂದೇ ಮೊಳೆ ಹುಡುಕಿ ಕಿತ್ತು, ಗರಗಸದ ಅಲಗು ಕೆಡಿಸಿಕೊಂಡು, ಬೈದುಕೊಂಡು, ಕೊನೆಗೂ ಚೌಕಟ್ಟು ನಿಲ್ಲಿಸಿದಳು. ಮುಂಭಾಗದಲ್ಲಿ ನಾಲ್ಕು ಬಾಣ ಸಾಲಾಗಿ ಬರುವಂತೆ ಹಲಗೆ ಹೊಂದಿಸಿ, ಒಂದೊಂದು ಬಾಣದ ತುದಿಗೆ ಒಂದೊಂದು ನಲ್ಲಿ. ಎಣ್ಣೆ ಉಜ್ಜಿದ ಮೇಲೆ ಮರ ಜೇನಿನ ಬಣ್ಣಕ್ಕೆ ತಿರುಗಿತು. ಫ್ರೀಜರಿಗೆ ಕಡುಹಸಿರು ಬಣ್ಣ ಹೊಡೆದಳು, ನಲ್ಲಿಗಳ ಕೆಳಗೆ ಹನಿ ಹಿಡಿಯಲು ತಾಮ್ರದ ತಟ್ಟೆ ಬಡಿದು ಕೂರಿಸಿದಳು. ನೋಡಿದವರು ಬಾಣಗಳ ಮೇಲೆ ಕೈಯಾಡಿಸುತ್ತಿದ್ದರು, ಆಮೇಲೆ ಡ್ವೇನನ ಬೆನ್ನು ತಟ್ಟುತ್ತಿದ್ದರು.

ಮೂರು ನಲ್ಲಿಗೆ ಡ್ವೇನ್ ತನಗೆ ಬೇಕಾದ ಹಿಡಿ ಹಾಕಿಕೊಂಡ. ನಾಲ್ಕನೆಯದಕ್ಕೆ ನಡೀನ್ ಮರ ತಿರುಗಿಸುವ ಯಂತ್ರದಲ್ಲಿ ಪುಟ್ಟದೊಂದು ಬೌಲಿಂಗ್ ಪಿನ್ ಕಡೆದು, ಬಿಳಿ ಬಳಿದು, ಕುತ್ತಿಗೆಗೆ ಎರಡು ಕೆಂಪು ಪಟ್ಟೆ ಎಳೆದು ಕೂರಿಸಿದಳು. ಅದು ಅವಳ ರೂಟ್ ಬಿಯರಿಗೆ. ಹೆಸರಲ್ಲಷ್ಟೇ ಬಿಯರ್, ಮಕ್ಕಳೂ ಕುಡಿಯುವ ಸಿಹಿ ಪಾನಕ. ನೋವಿನ ಎಣ್ಣೆಗೂ ಹಾಕುವ ಘಾಟಿನ ವಿಂಟರ್‌ಗ್ರೀನ್ ಎಲೆ, ಬರ್ಚ್ ಮರದ ತೊಗಟೆ, ಜ್ಯೇಷ್ಠಮಧು, ವೆನಿಲ್ಲಾ, ಕಾಕಂಬಿ ಇಷ್ಟನ್ನು ಕುದಿಸಿ ಸೋಸಿ ಗ್ಯಾಸ್ ತುಂಬಿದರೆ ಕಡುಗಂದು ಬಣ್ಣ, ಮೇಲೆ ಬೆರಳುದ್ದ ನೊರೆ. ನೊರೆ ಹಾಗೆ ನಿಲ್ಲಬೇಕೆಂದರೆ ಗ್ಯಾಸಿನ ಒತ್ತಡ ಜಾಸ್ತಿ ಬೇಕು, ಅದಕ್ಕೆ ಒತ್ತಡ ಹೊಂದಿಸುವ ಬೇರೆಯೇ ಕೀಲಿ. ಅದನ್ನೂ ಅವಳೇ ಜೋಡಿಸಿದಳು. ಪೀಪಾಯಿಯಿಂದ ನಲ್ಲಿಗೆ ಹೋಗುವ ತನ್ನ ಪೈಪಿಗೆ ಕೆಂಪು ಟೇಪು ಸುತ್ತುತ್ತ ಅವಳು ಗಂಡನಿಗೆ ಹೇಳಿದ್ದಳು:

"ನೋಡು, ಇದು ಯಾವತ್ತೂ ಇದಕ್ಕೇ. ಒಂದ್ಸಲ ರೂಟ್ ಬಿಯರ್ ಹರಿದ ಪೈಪು ಬೇರೆ ಯಾವುದಕ್ಕೂ ಬರಲ್ಲ."

"ಹ್ಞೂಂ ಹ್ಞೂಂ," ಅಂದಿದ್ದ ಡ್ವೇನ್. ಅವನ ಕಣ್ಣು ಟೀವಿಯಲ್ಲಿ ಫುಟ್‌ಬಾಲಿನ ಮೇಲಿತ್ತು.

ನಡೀನ್ ಕುಡಿಯುವುದನ್ನು ಬಿಟ್ಟದ್ದು ಯಾವ ದೊಡ್ಡ ರಾದ್ಧಾಂತದ ನಂತರವೂ ಅಲ್ಲ. ಒಂದು ಬೆಳಗ್ಗೆ ಗರಗಸದ ಮುಂದೆ ಕೈ ನಡುಗಿತು, ಅಷ್ಟೆ. ಬೆರಳು ಉಳಿಯಿತು. ಆವತ್ತು ಸಂಜೆ, ಕುಡಿತ ಬಿಡುವವರು ಸಭೆ ಸೇರುವ ಚರ್ಚಿನ ನೆಲಮನೆಗೆ ಹೋಗಿ ಮಡಚುವ ಕುರ್ಚಿಯ ಮೇಲೆ ಕೂತಳು. ಕಷ್ಟವಾದದ್ದು ಬಿಡುವುದಲ್ಲ, ಬಿಟ್ಟ ಮೇಲೆ ಜನರ ನಡುವೆ ಇರುವುದು. ಮದುವೆ, ನಾಮಕರಣ, ಶುಕ್ರವಾರದ ಮೀನೂಟ, ಸಾವಿನ ಮನೆ, ಎಲ್ಲೂ ಬಿಯರ್ ಇಲ್ಲದೆ ಕುರ್ಚಿ ಕೊಡುವವರಿಲ್ಲ. ಬೇಡ ಅಂದರೆ "ಏನು, ಬಸುರಿಯಾ?" ಎಂದು ಐವತ್ತು ದಾಟಿದವಳನ್ನು ಕೇಳುವ ಮಹಾನುಭಾವರೂ ಇದ್ದರು. "ಒಂದೇ ಒಂದು ತಗೊಂಡ್ರೆ ಏನಾಗತ್ತೆ?" ಎನ್ನುವವರಂತೂ ಲೆಕ್ಕಕ್ಕೇ ಇಲ್ಲ. ಅವಳು ಲೋಟದಲ್ಲಿ ನೀರು ಹಿಡಿದು ಗೋಡೆಗೆ ಒರಗಿ ನಿಂತರೆ, ಅವರ ಸಂತೋಷಕ್ಕೆ ಅವಳೇ ಕಲ್ಲು ಹಾಕಿದ ಹಾಗೆ ನೋಡುತ್ತಿದ್ದರು.

ಅದಕ್ಕೇ ಆ ನಾಲ್ಕನೆಯ ನಲ್ಲಿ. ಉಳಿದ ಮೂರರಷ್ಟೇ ಎತ್ತರ, ಅವುಗಳಷ್ಟೇ ಹೊಳಪು, ಅದೇ ಸಾಲು. ತನ್ನ ಮನೆಯಲ್ಲಾದರೂ ತಾನು ಗೋಡೆಗೆ ಒರಗಿ ನಿಲ್ಲುವುದಿಲ್ಲ ಎಂದು ಅವಳು ತೀರ್ಮಾನಿಸಿದ್ದಳು.

ಡ್ವೇನನದು ಒಂದು ಸಂಘ. ಮನೆಯಲ್ಲೇ ಬಿಯರ್ ಮಾಡುವ ಗಂಡಸರು ತಿಂಗಳಿಗೊಮ್ಮೆ ಸೇರಿ ಒಬ್ಬರ ಬಿಯರನ್ನು ಒಬ್ಬರು ಮೂಸಿ, ಬಾಯಿ ಮುಕ್ಕಳಿಸಿ, ಪಂಡಿತರ ಹಾಗೆ ತೀರ್ಪು ಕೊಡುವ ಕೂಟ. ಅದರ ಅಧ್ಯಕ್ಷ ರೋಲಿ ಶ್ರೋಡರ್, ಟೋಪಿ ತೆಗೆಯದ ದಪ್ಪ ಮನುಷ್ಯ. ಜೂನ್ ತಿಂಗಳ ಕೂಟ ಈ ಸಲ ಡ್ವೇನನ ಗ್ಯಾರೇಜಿನಲ್ಲಿ. ಹಾಗೆಂದು ಗೊತ್ತಾದ ದಿನದಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ನಡೀನ್, ನನ್ನ ಹತ್ರ ನಾಲ್ಕು ಬಿಯರ್ ಇದೆ," ಎಂದ ಒಂದು ಸಂಜೆ, ಪಾತ್ರೆ ಒರೆಸುತ್ತ. ಅವನು ಪಾತ್ರೆ ಒರೆಸಲು ಬಂದನೆಂದರೆ ಏನೋ ಇದೆ ಅಂತಲೇ ಅರ್ಥ. "ನಾಲ್ಕನೇದು ಬಾಕ್. ಕಪ್ಪು, ಗಟ್ಟಿ, ಚಳಿಗಾಲದಿಂದ ಮಲಗಿಸಿಟ್ಟಿದೀನಿ. ರೋಲಿಗೆ ಅದೇ ತೋರಿಸ್ಬೇಕು. ಒಂದು ದಿನಕ್ಕೆ ನಿನ್ನ ನಲ್ಲಿ ಕೊಡೇ."

"ಇಲ್ಲ."

"ಒಂದೇ ದಿನ ಮಾರಾಯ್ತಿ!"

"ಮೂರು ನಿಂದು, ಒಂದು ನಂದು. ಬಾಕ್ ತೋರಿಸ್ಬೇಕು ಅಂದ್ರೆ ನಿನ್ನ ಮೂರರಲ್ಲಿ ಒಂದನ್ನ ತೆಗಿ. ಮತ್ತೆ ಆವತ್ತು ನಂದೂ ಒಬ್ರು ನೆಂಟರು ಬರ್ತಾರೆ. ಎಲ್ರಾಯ್ ಅಂತ. ಅವರಿಗೆ ರೂಟ್ ಬಿಯರ್ ಬೇಕು."

"ಯಾರೇ ಅದು?"

"ಪರಿಚಯದೋರು."

"ಆಯ್ತು, ಆಯ್ತು. ನಿನ್ನ ಸಿಂಹಾಸನ ನೀನೇ ಇಟ್ಕೋ," ಎಂದು ಅವನು ನಕ್ಕು ಟವಲು ನೇತುಹಾಕಿದ.

ಎಲ್ರಾಯ್ ಮಾತೂಷೆಕ್ ಯಾರೆಂದು ಅವಳು ಹೇಳಲಿಲ್ಲ, ಹೇಳುವಂತಿರಲಿಲ್ಲ. ನೆಲಮನೆಯ ಕುರ್ಚಿಗಳಲ್ಲಿ ಕೂತವರ ಹೆಸರು ಮೆಟ್ಟಿಲು ಹತ್ತಿ ಮೇಲೆ ಬರಬಾರದು ಎನ್ನುವುದು ಅಲ್ಲಿಯ ಕಟ್ಟು. ಎಲ್ರಾಯ್ ಆಯುಷ್ಯವೆಲ್ಲ ಚೀಸ್ ಕಾರ್ಖಾನೆಯಲ್ಲಿ ಹಾಲಿಗೆ ಹೆಪ್ಪು ಹಾಕಿದ ಮುದುಕ. ಮೊಮ್ಮಗಳ ನಾಮಕರಣದ ದಿನ ಕುಡಿದು ಮಗಳ ಮನೆಯ ಅಂಚೆಡಬ್ಬಿಗೆ ಕಾರು ಗುದ್ದಿದ. ಅಂಚೆಡಬ್ಬಿಯ ಪಕ್ಕ ಮಗುವಿನ ಗಾಡಿ ಇತ್ತು, ಮಗು ಅದರಲ್ಲಿರಲಿಲ್ಲ. ಅಲ್ಲಿಂದ ಈಚೆಗೆ ಅವನು ಒಂದು ಹನಿ ಮುಟ್ಟಿರಲಿಲ್ಲ, ಶನಿವಾರಗಳಲ್ಲಿ ಮನೆ ಬಿಟ್ಟು ಹೊರಗೂ ಬಂದಿರಲಿಲ್ಲ. ಹೋಗುವುದೆಲ್ಲಿಗೆ? ಎಲ್ಲಿ ಹೋದರೂ ಬಾಗಿಲಲ್ಲೇ ಕೈಗೆ ಲೋಟ ಇಡುವ ಊರು ಅದು.

"ನಮ್ಮನೆಗೆ ಬನ್ನಿ," ಎಂದಿದ್ದಳು ನಡೀನ್. "ಸಾಸೇಜ್ ಸುಡ್ತಾರೆ, ಬಡಾಯಿ ಕೊಚ್ತಾರೆ, ಕೇಳ್ಕೊಂಡು ಕೂರೋಣ. ಬೌಲಿಂಗ್ ಪಿನ್ ಹಿಡಿ ಇರೋ ನಲ್ಲಿ ನಂದು. ಅದರಲ್ಲಿ ರೂಟ್ ಬಿಯರ್ ಬಿಟ್ಟು ಬೇರೇನೂ ಇರಲ್ಲ."

"ನಾನೀಗ ಯಾರು ಏನು ಕೊಟ್ರೂ ಮೊದ್ಲು ಮೂಗಿಗೆ ಹಿಡೀತೀನಮ್ಮ," ಎಂದಿದ್ದ ಮುದುಕ. "ನಾಲಿಗೆ ಮೇಲೆ ನಂಬಿಕೆ ಇಲ್ಲ, ಮನಸ್ಸಿನ ಮೇಲಂತೂ ಇಲ್ವೇ ಇಲ್ಲ. ಮೂಗು ಮಾತ್ರ ಇನ್ನೂ ಕೆಲಸ ಮಾಡತ್ತೆ. ಹಾಲು ಹುಳಿಯೋಕೆ ಮುಂಚೆ ನಂಗೆ ಗೊತ್ತಾಗೋದು."

"ಮೂಗೂ ಬೇಡ. ಕಣ್ಮುಚ್ಕೊಂಡು ಕುಡೀರಿ. ನಾನು ಮಾತು ಕೊಡ್ತೀನಿ."

ಮಾತು ಕೊಟ್ಟಳು. ಅವಳ ಕೈಯಲ್ಲಿ ಕೊಡಲು ಬೇರೇನೂ ಇರಲಿಲ್ಲ.

ಕೂಟದ ಹಿಂದಿನ ದಿನ, ಶುಕ್ರವಾರ, ಅವಳು ಕೆಲಸದಿಂದ ಬಂದವಳೇ ಆಲೂಗೆಡ್ಡೆ ಸಲಾಡಿಗೆ ಕೂತಳು, ಗ್ಯಾರೇಜಿನ ಕಡೆ ಹೋಗಲಿಲ್ಲ. ಶನಿವಾರ ಮಧ್ಯಾಹ್ನದವರೆಗೆ ಕಾರ್ಖಾನೆಯಲ್ಲಿ ಹೆಚ್ಚಿನ ಪಾಳಿ. ಮುಗಿಸಿ, ದಾರಿಯಲ್ಲಿ ಮಂಜುಗಡ್ಡೆಯ ಚೀಲ ಕೊಂಡು ಮನೆಗೆ ಬಂದಾಗ ರಸ್ತೆಯುದ್ದಕ್ಕೂ ಕಾರು, ಗ್ಯಾರೇಜಿನ ದೊಡ್ಡ ಬಾಗಿಲು ಮೇಲಕ್ಕೆ, ಒಲೆಯ ಮೇಲೆ ಸಾಸೇಜಿನ ಹೊಗೆ. ಗಂಡಸರೆಲ್ಲ ಲೋಟ ಹಿಡಿದು ಹಸಿರು ಪೆಟ್ಟಿಗೆಯ ಸುತ್ತ ನಿಂತಿದ್ದರು. ಅವಳು ಪಕ್ಕದ ಸಣ್ಣ ಬಾಗಿಲಿಂದ ಒಳಗೆ ಬಂದಳು.

ಮೊದಲು ಬಡಿದದ್ದು ವಾಸನೆ. ವಿಂಟರ್‌ಗ್ರೀನ್, ವೆನಿಲ್ಲಾ. ನಲ್ಲಿಯ ಕಡೆಯಿಂದಲ್ಲ, ಕಾಲ ಕೆಳಗಿನಿಂದ. ಗ್ಯಾರೇಜಿನ ನೆಲದ ನಡುವೆ ಮೋರಿಗೆ ಒಂದು ಜಾಲರಿ ಇದೆ. ಅದರ ಸುತ್ತ ಕಂದು ಬಣ್ಣದ ಅಂಟು ಉಂಗುರದ ಹಾಗೆ ಒಣಗಿತ್ತು, ಇರುವೆ ಮುತ್ತಿತ್ತು. ಅವಳು ಕಾಲಿಟ್ಟರೆ ಚಪ್ಪಲಿ ಅಂಟಿತು.

ತಲೆಯೆತ್ತಿ ನೋಡಿದಳು. ಪೆಟ್ಟಿಗೆಯ ಮೇಲೆ ಡ್ವೇನ್ ಕರಿಹಲಗೆ ನೇತುಹಾಕಿ ಬಿಯರುಗಳ ಹೆಸರು ಬರೆದಿದ್ದ. ಮೂರಿರಬೇಕಾದಲ್ಲಿ ನಾಲ್ಕು. ನಾಲ್ಕನೆಯದು 'ಮುದಿ ಟಗರು, ಬಾಕ್' ಅಂತ. ಅದರ ಕೆಳಗೆ ಅವಳ ಬೌಲಿಂಗ್ ಪಿನ್ ಹಾಗೇ ನಿಂತಿತ್ತು. ನೋಡಲು ಚೆಂದ ಅಂತ ಅದನ್ನು ಬಿಟ್ಟಿದ್ದ, ಪುಣ್ಯಾತ್ಮ!

ಆ ಪಿನ್ನಿನ ಮುಂದೆ ಎಲ್ರಾಯ್ ನಿಂತಿದ್ದ.

ನಸುಕಿನಲ್ಲಿ ಹಾಲಿನ ಲಾರಿಗೆ ಕಾದು ರೂಢಿಯಾದವನು, ಎಲ್ಲಿಗೆ ಕರೆದರೂ ಹೇಳಿದ ಹೊತ್ತಿಗೆ ಮೊದಲೇ ಬರುವವನು. ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೂದಲು ನೀರಲ್ಲಿ ಬಾಚಿ ಬಂದಿದ್ದ. ಕರಿಹಲಗೆಯನ್ನು ಅವನು ಓದಿರಲಿಲ್ಲ, ಪಿನ್ನನ್ನು ಮಾತ್ರ ಹುಡುಕಿದ್ದ. ಕೈಯಲ್ಲಿ ತುಂಬಿದ ಲೋಟ: ಕಪ್ಪು, ಮೇಲೆ ಬೆರಳುದ್ದ ನೊರೆ. ಅವಳ ಹೆಚ್ಚಿನ ಒತ್ತಡದ ಕೀಲಿ ಬಾಕನ್ನೂ ರೂಟ್ ಬಿಯರಿನ ಹಾಗೇ ನೊರೆ ಮಾಡಿತ್ತು. ಅವನು ಲೋಟವನ್ನು ಮೂಗಿಗೆ ಹಿಡಿದ. ಮುಖ ಸಡಿಲವಾಯಿತು. ವಾಸನೆ ಸರಿಯಾಗಿತ್ತು. ಅವಳು ಹೇಳಿದ್ದಳಲ್ಲ, ಅವನು ಕಣ್ಣು ಮುಚ್ಚಿ ಲೋಟ ಎತ್ತಿದ.

"ಎಲ್ರಾಯ್, ಬೇಡ!"

ಮಂಜುಗಡ್ಡೆಯ ಚೀಲ ಎಲ್ಲಿ ಬಿತ್ತೋ, ಯಾರ ಭುಜಕ್ಕೆ ಗುದ್ದಿದಳೋ ಅವಳಿಗೆ ತಿಳಿಯದು. ಅವನ ಕೈಗೆ ಬೀಸಿ ಹೊಡೆದಳು. ಲೋಟ ಹಾರಿ ಕಾಂಕ್ರೀಟಿನ ಮೇಲೆ ಚೂರಾಯಿತು. ಮುದುಕನ ಅಂಗಿಯ ಎದೆ, ಪ್ಯಾಂಟು, ಬೂಟು ಎಲ್ಲ ಒದ್ದೆ.

ಗಂಡಸರೆಲ್ಲ ಇತ್ತ ತಿರುಗಿದರು. ಆಮೇಲೆ ಯಾರೋ ನಕ್ಕರು.

"ಓಹೋ, ಮನೆಯೊಡತಿಗೆ ನೆಂಟರು ಹಿಡಿಸ್ಲಿಲ್ಲ!"

"ಬಾಯಿಗೆ ಹೋಯ್ತಾ?" ನಡೀನ್ ಮುದುಕನ ಎರಡೂ ತೋಳು ಹಿಡಿದಿದ್ದಳು. "ಹೇಳಿ, ಬಾಯೊಳಗೆ ಹೋಯ್ತಾ?"

"ಇಲ್ಲ... ತುಟಿಗೆ. ನೊರೆ ಅಷ್ಟೇ." ಅವನು ಕರವಸ್ತ್ರ ತೆಗೆದು ತುಟಿ ಒರೆಸಿದ, ಮಡಚಿ ಮತ್ತೆ ಒರೆಸಿದ, ಮತ್ತೂ ಒರೆಸಿದ. "ಏನಾಯ್ತಮ್ಮ? ಇದು ನಿಂದೇ ಅಲ್ವಾ?"

ಅಷ್ಟರಲ್ಲಿ ಡ್ವೇನ್ ಇಕ್ಕಳ ಹಿಡಿದುಕೊಂಡೇ ಒಲೆಯ ಕಡೆಯಿಂದ ಓಡಿ ಬಂದ. "ಏನೇ ಇದು! ತಲೆ ಕೆಟ್ಟಿದ್ಯಾ? ಎಲ್ರ ಎದುರಿಗೆ..."

"ಇದರಲ್ಲಿ ಏನು ಬಿಟ್ಟಿದೀಯ?"

"ಬಾಕ್. ಒಂದೇ ದಿನಕ್ಕೆ ಅಂದೆನಲ್ಲ."

"ನಾನೇನಂದೆ?"

"ನೀನು ಏನೋ ಅಂದೆ..."

"ಇಲ್ಲ ಅಂದೆ. ಆ ಮಾತಿಗೆ ಬೇರೆ ಅರ್ಥ ಇದ್ಯಾ? ನಂದು ಎಲ್ಲಿ?"

 ಡ್ವೇನನ ಕಣ್ಣು ನೆಲದ ಜಾಲರಿಯ ಕಡೆ ಹೋಯಿತು. "ಪೀಪಾಯಿ ಇರೋದೇ ನಾಲ್ಕು ಕಣೇ. ಖಾಲಿ ಮಾಡ್ದೆ ಇನ್ನೆಲ್ಲಿ ತುಂಬಲಿ? ನೀನು ನಾಳೆ ಮತ್ತೆ ಮಾಡ್ಕೋಬಹುದು. ಸಕ್ಕರೆ ನೀರು ತಾನೇ!"

ಸಕ್ಕರೆ ನೀರು! ಅವಳು ತೊಗಟೆ ತರಲು ಕಾಡಿಗೆ ಹೋದದ್ದು, ವಾರಗಟ್ಟಲೆ ಒಲೆಯ ಮುಂದೆ ನಿಂತು ರುಚಿ ನೋಡಿ ನೋಡಿ ಚೆಲ್ಲಿದ್ದು, ಇವನೇ ಎದ್ದು ಬಂದು ಒಂದು ಲೋಟ ಹೀರಿ "ಪರವಾಗಿಲ್ವೇ" ಎಂದದ್ದು, ಎಲ್ಲವೂ ಮೋರಿಯ ಪಾಲು. ಕೇಳಿ, ಇಲ್ಲ ಅನ್ನಿಸಿಕೊಂಡು, ಆಮೇಲೂ ತೆಗೆದುಕೊಂಡರೆ ಅದಕ್ಕೆ ಊರಲ್ಲಿ ಬೇರೆ ಹೆಸರಿದೆ. ಮನೆಯಲ್ಲಿ ಮಾತ್ರ ಅದನ್ನು 'ಒಂದು ದಿನದ ಮಟ್ಟಿಗೆ' ಎನ್ನುತ್ತಾರೆ.

ಅವಳು ಬಾಯಿ ತೆರೆಯುವ ಮೊದಲೇ ರೋಲಿ ಶ್ರೋಡರ್ ನಡುವೆ ಬಂದ. ಇಷ್ಟೆಲ್ಲ ಗಲಾಟೆಗೆ ಕಾರಣವಾದ ಬಿಯರ್ ಹೇಗಿದೆ ನೋಡೋಣ ಎಂದು ಅವನು ಪಿನ್ ಎಳೆದು ಅರ್ಧ ಲೋಟ ಹಿಡಿದಿದ್ದ. ಒಂದು ಗುಟುಕು ಬಾಯಿಗೆ ಹಾಕಿದ, ಕಣ್ಣು ಅಗಲಿಸಿದ, ಹೊರಗೆ ಹುಲ್ಲಿನ ಮೇಲೆ ಉಗಿದ.

"ಡ್ವೇನ್! ಇದು ಬಾಕ್ ಅಲ್ಲ ಕಣೋ, ಮಂಡಿನೋವಿಗೆ ಹಚ್ಚೋ ಮುಲಾಮು!"

"ಏನು?"

"ಯಾವ ಪೈಪಲ್ಲಿ ಬಿಟ್ಟೆ? ರೂಟ್ ಬಿಯರ್ ಪೈಪಲ್ಲಾ? ಅಯ್ಯೋ ನನ್ನ ಮಗನೇ, ಅದು ತೊಳೆಯೋ ವಸ್ತು ಅಲ್ಲ, ಎಸೆಯೋ ವಸ್ತು! ಆ ವಾಸನೆ ಪ್ಲಾಸ್ಟಿಕ್ ಒಳಗೆ ಇಳಿದುಬಿಡತ್ತೆ. ರಬ್ಬರ್ ಉಂಗುರಕ್ಕೂ ಹಿಡಿಯತ್ತೆ. ನೀನು ಸತ್ರೂ ಅದು ಹೋಗಲ್ಲ!"

ಇಡೀ ಸಂಘ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಲೋಟಗಳು ಮುಂದೆ ಬಂದವು. ಎಲ್ಲರಿಗೂ ಮುಲಾಮು ಕುಡಿದು ನೋಡುವ ಆಸೆ. ಡ್ವೇನನ ಮುಖ ಸುಟ್ಟ ಸಾಸೇಜಿನ ಹಾಗಾಯಿತು. "ಬಿಸಿನೀರು ಹಾಕ್ದೆ, ಪುಡಿ ಹಾಕ್ದೆ, ಎರಡೆರಡು ಸಲ ಹಾಕ್ದೆ," ಎಂದು ಅವನು ಒಬ್ಬೊಬ್ಬರಿಗೂ ಹೇಳುತ್ತಿದ್ದ. ಯಾವ ಪುಡಿ, ಎಷ್ಟು ಹೊತ್ತು ನೆನೆಸಿದೆ ಎಂದು ಒಬ್ಬ ಕೇಳಿದ. ಇನ್ನೊಬ್ಬ ಸೋಡಾ ಹಾಕಬೇಕಿತ್ತು ಎಂದ. ಚಳಿಗಾಲವಿಡೀ ಮಲಗಿಸಿಟ್ಟ ಬಾಕ್ ಹೀಗಾಯಿತಲ್ಲ ಎಂದು ಮರುಗಿದವರೂ ಇದ್ದರು.

ಮುದುಕನ ಕಡೆ ಒಬ್ಬನೂ ತಿರುಗಲಿಲ್ಲ. ಅವನು ಒಡೆದ ಗಾಜಿನ ನಡುವೆ ಒದ್ದೆ ಬೂಟಿನಲ್ಲಿ ನಿಂತು ಇನ್ನೂ ತುಟಿ ಒರೆಸಿಕೊಳ್ಳುತ್ತಿದ್ದ.

"ವಾಸನೆ ಸರಿಯಾಗೇ ಇತ್ತು, ನಡೀನ್," ಎಂದ ಮೆಲ್ಲಗೆ. "ನನ್ನ ಮೂಗೂ ಹೋಯ್ತೇನೋ ಅಂದ್ಕೊಂಡೆ."

ಅವನು ತನ್ನನ್ನೇ ಬೈದುಕೊಳ್ಳುತ್ತಿದ್ದ! ನಡೀನಳಿಗೆ ಅದು ಸಹಿಸಲಾಗಲಿಲ್ಲ. ಇಷ್ಟು ಜನರ ಮಧ್ಯೆ ತಪ್ಪು ಮಾಡದ ಒಬ್ಬನೇ ಒಬ್ಬ ತನ್ನ ಮೂಗನ್ನು ಅನುಮಾನಿಸಿಕೊಂಡು ನಿಂತಿದ್ದ, ತಪ್ಪು ಮಾಡಿದವನು ಸೋಡಾದ ಬಗ್ಗೆ ಪಾಠ ಕೇಳುತ್ತಿದ್ದ.

"ಡ್ವೇನ್."

ಅವಳು ಕೂಗಲಿಲ್ಲ. ಆದರೂ ನಗು ನಿಂತಿತು.

"ಈ ಮನುಷ್ಯ ನನ್ನ ಮಾತು ನಂಬ್ಕೊಂಡು ಬಂದ್ರು. ಆ ಪಿನ್ ಇರೋ ನಲ್ಲೀಲಿ ಕಣ್ಮುಚ್ಕೊಂಡು ಕುಡೀರಿ ಅಂದಿದ್ದೆ. ಕಣ್ಮುಚ್ಕೊಂಡ್ರು."

ಡ್ವೇನ್ ಈಗ ಎಲ್ರಾಯ್‌ನನ್ನು ನೋಡಿದ. ಒದ್ದೆ ಅಂಗಿ, ತುಟಿಗೆ ಒತ್ತಿ ಹಿಡಿದ ಕರವಸ್ತ್ರ. ಅರ್ಥವಾಗುತ್ತ ಬಂದಂತೆ ಅವನ ಕಿವಿ ಕೆಂಪಾಯಿತು. ಆದರೆ ಬಾಯಿಗೆ ಬಂದದ್ದು ಬೇರೆ.

"ಅವರು ಕುಡಿಯಲ್ಲ ಅಂತ ನೀನು ಮೊದ್ಲೇ ಹೇಳ್ಬೇಕಿತ್ತಲ್ಲ! ಹೇಳಿದ್ರೆ ನಾನು ಮುಟ್ತಿದ್ನಾ?"

"ಅಂದ್ರೆ? ಇನ್ನೊಬ್ಬರ ಕಷ್ಟಾನ ಬಾಗಿಲಿಗೆ ಅಂಟಿಸಿದ್ರೆ ಮಾತ್ರ ನನ್ನ ನಲ್ಲಿ ನಂದಾಗಿ ಉಳಿಯತ್ತಾ? ನಾನು ಕುಡಿಯಲ್ಲ ಅನ್ನೋದು ನಿಂಗೆ ಗೊತ್ತಿತ್ತಲ್ಲ. ಅದು ಸಾಲ್ಲಿಲ್ವಾ? ಕೆಲಸದಿಂದ ದಣಿದು ಬಂದು ನಾನೇ ಒಂದು ಲೋಟ ಹಿಡ್ಕೊಂಡು ಗಟಗಟ ಕುಡಿದಿದ್ರೆ?"

ಡ್ವೇನ್ ಇಕ್ಕಳವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಆ ಯೋಚನೆ ಅವನ ತಲೆಗೆ ಬಂದೇ ಇರಲಿಲ್ಲ ಎನ್ನುವುದು ಅವನ ಮುಖದಲ್ಲೇ ಇತ್ತು. ಆ ಯೋಚನೆ ಬಂದೂ ಮಾಡಿದ್ದರೆ ಅವಳು ಜಗಳವಾಡಿ ಸುಮ್ಮನಾಗುತ್ತಿದ್ದಳೋ ಏನೋ. ಬರಲೇ ಇಲ್ಲವಲ್ಲ ಎನ್ನುವುದೇ ಅವಳನ್ನು ಸುಟ್ಟಿತು.

ಅವಳು ಕೆಲಸದ ಮೇಜಿನ ಡ್ರಾಯರು ಎಳೆದು ತಿರುಪುಳಿ ಮತ್ತು ಪಾನಾ ತೆಗೆದಳು. ಪೆಟ್ಟಿಗೆಯ ಹತ್ತಿರ ನಿಂತವರು ದಾರಿ ಬಿಟ್ಟರು. ಮೊದಲು ಗ್ಯಾಸ್ ನಿಲ್ಲಿಸಿದಳು. ಮುಚ್ಚಳ ಎತ್ತಿ ನಾಲ್ಕೂ ಪೀಪಾಯಿಯ ಕೊಂಡಿ ತೆಗೆದಳು, ಚಳಿ ಅಳೆಯುವ ತಂತಿಯನ್ನು ಮರದ ತೂತಿನಿಂದ ಹಿಂದಕ್ಕೆಳೆದು ಸುತ್ತಿಟ್ಟಳು. ಆಮೇಲೆ ಮುಚ್ಚಳದ ತಿರುಪು ಬಿಚ್ಚತೊಡಗಿದಳು.

"ಏನು ಮಾಡ್ತಿದೀಯ? ನಡೀನ್? ಜನ ಇದಾರೆ ಕಣೇ!"

"ಫ್ರೀಜರ್ ನೀನು ತಂದಿದ್ದು, ಇಲ್ಲೇ ಇರತ್ತೆ. ಮುಚ್ಚಳ ಅದರದ್ದು, ವಾಪಸ್ ಹಾಕಿಕೊಡ್ತೀನಿ. ಪೀಪಾಯಿ ನಿಂದು, ಬಿಯರ್ ನಿಂದು, ಪಿಕ್ನಿಕ್ಕಿಗೆ ತಂದ ಪ್ಲಾಸ್ಟಿಕ್ ನಲ್ಲಿ ಆ ಗೂಡಲ್ಲಿದೆ. ಮರ ಮಾತ್ರ ನಂದು."

"ಅದು ನಡೀನ್ ಮಾಡಿದ್ದಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಇಷ್ಟು ದಿನಕ್ಕೆ ಆ ಪ್ರಶ್ನೆ ಬಂತು. ಡ್ವೇನ್ ಬೂಟಿನ ತುದಿ ನೋಡಿಕೊಂಡು ಹೌದು ಎಂದು ತಲೆಯಾಡಿಸಿದ.

ಚೌಕಟ್ಟು ಮೇಪಲ್ ಮರದ್ದು, ನಾಲ್ಕು ಉಕ್ಕಿನ ನಲ್ಲಿ ಬೇರೆ. ಒಬ್ಬಳೇ ಎತ್ತುವ ಭಾರವಲ್ಲ. ಅವಳು ಒಂದು ಬದಿ ಹಿಡಿದು ಸುತ್ತ ನೋಡಿದಳು. ಸಂಘದ ಗಂಡಸರು ಯಾರ ಕಡೆ ಸೇರಬೇಕೆಂದು ತಿಳಿಯದೆ ಲೋಟ ನೋಡಿಕೊಂಡರು. ಎಲ್ರಾಯ್ ಕರವಸ್ತ್ರವನ್ನು ಜೇಬಿಗೆ ತುರುಕಿ, ತೋಳು ಮಡಚಿ, ಇನ್ನೊಂದು ಬದಿಗೆ ಬಂದ.

"ಭಾರ ಇದೆ, ಎಲ್ರಾಯ್. ನೀವು ಬೇಡ."

"ಮಣಭಾರದ ಚೀಸಿನ ಚಕ್ರ ಎತ್ತಿದ ಬೆನ್ನಮ್ಮ ಇದು. ಹ್ಞೂಂ, ಎತ್ತು."

ಇಬ್ಬರೂ ಎತ್ತಿದರು. ಬಾಣಗಳು, ನಲ್ಲಿಗಳು, ತೂಗಾಡುವ ಪೈಪುಗಳು, ಬಿಳಿ ಪಿನ್ನು ಎಲ್ಲ ಒಟ್ಟಿಗೆ ಹೊರಟವು. ಪಿಕಪ್ಪಿನ ಹಿಂದೆ ಹಳೇ ಕಂಬಳಿ ಹಾಸಿ ಮಲಗಿಸಿದರು. ನಡೀನ್ ಒಳಗೆ ಬಂದು, ಹೇಳಿದಂತೆಯೇ, ಫ್ರೀಜರಿನ ಮುಚ್ಚಳವನ್ನು ಸರಿಯಾಗಿ ಕೂರಿಸಿ ತಿರುಪು ಬಿಗಿದಳು. ಬಿಗಿದ ಮೇಲೆ ಅದು ಹಸಿರು ಬಣ್ಣದ ಒಂದು ಡಬ್ಬವಾಗಿ ನಿಂತಿತು, ಮಾಂಸ ತುಂಬಿಡುವಂಥದ್ದು.

ಡ್ವೇನ್ ಅವಳ ಹಿಂದೆಯೇ ಪಿಕಪ್ಪಿನವರೆಗೆ ಬಂದ. ಅವನ ಹಿಂದೆ ರೋಲಿ, ರೋಲಿಯ ಹಿಂದೆ ಉಳಿದವರು.

"ಎಲ್ಲಿಗೆ ಒಯ್ತೀಯ?"

"ಚರ್ಚಿನ ನೆಲಮನೆಗೆ. ಅಲ್ಲಿ ನಾಲ್ಕೂ ನಲ್ಲಿಗೆ ಕೆಲಸ ಇದೆ."

"ನೀನು..." ಅವನು ಪಿಕಪ್ಪಿನ ಬಾಗಿಲು ಹಿಡಿದ. "ನೀನು ಬರ್ತೀಯಲ್ಲ?"

"ಊಟದ ಹೊತ್ತಿಗೆ ಬರ್ತೀನಿ. ನನ್ನ ಮನೆ ಇದು, ನಾನ್ಯಾಕೆ ಬಿಟ್ಟು ಹೋಗ್ಲಿ? ಇದು ಬರಲ್ಲ."

"ತಪ್ಪಾಯ್ತು ಕಣೇ. ನಿಜವಾಗ್ಲೂ ತಪ್ಪಾಯ್ತು." ಅದನ್ನು ಅವನು ಮನಸ್ಸಿನಿಂದಲೇ ಹೇಳಿದ, ಅಷ್ಟನ್ನು ಅವಳು ಒಪ್ಪಿಕೊಂಡಳು. ಆದರೆ ಅವನು ಅಲ್ಲಿಗೇ ನಿಲ್ಲಿಸಲಿಲ್ಲ. "ಸರಿ, ಸ್ವಲ್ಪ ದಿನ ಅಲ್ಲಿರಲಿ. ವಾಪಸ್ ಯಾವಾಗ ತರ್ತೀಯ, ಅದನ್ನಾದ್ರೂ ಹೇಳು."

ನಡೀನ್ ಪಿಕಪ್ಪಿನ ಹಿಂಭಾಗಕ್ಕೆ ಹೋಗಿ ಬಾಗಿದಳು. ಪಿನ್ನಿನ ನಲ್ಲಿಯ ಹಿಂದಿನ ಕೊಂಡಿಯನ್ನು ಪಾನಾದಿಂದ ಸಡಿಲಿಸಿ, ಕೆಂಪು ಟೇಪು ಸುತ್ತಿದ ಆ ಪೈಪನ್ನು ಎಳೆದು ತೆಗೆದಳು. ಅದರೊಳಗಿನಿಂದ ಕಪ್ಪು ಹನಿಗಳು ಬಿದ್ದವು. ಸುರುಳಿ ಸುತ್ತಿ ಗಂಡನ ಅಂಗೈಯಲ್ಲಿ ಇಟ್ಟಳು.

"ಇದನ್ನ ತೊಳಿ. ಬಿಸಿನೀರು ಹಾಕು, ಪುಡಿ ಹಾಕು, ಸೋಡಾ ಹಾಕು. ವಾಸನೆ ಪೂರ್ತಿ ಹೋದ ದಿನ ನಂಗೆ ಹೇಳು. ಆವತ್ತೇ ತರ್ತೀನಿ."

ಎಲ್ರಾಯ್ ಆಗಲೇ ಮುಂದಿನ ಸೀಟಿನಲ್ಲಿ ಕೂತು ಕಿಟಕಿ ಇಳಿಸಿದ್ದ. ಪಿಕಪ್ ಹಿಂದಕ್ಕೆ ಸರಿದು, ರಸ್ತೆಗೆ ಇಳಿದು, ಕೆರೆಯ ಕಡೆ ತಿರುಗಿತು. ಡ್ವೇನ್ ಪೈಪನ್ನು ಮೂಗಿಗೆ ಹಿಡಿದು ನೋಡಿದ. ಕೆಲಸ ಸಿಕ್ಕಿದ ಮನುಷ್ಯನಿಗೆ ಬರುವ ಸಮಾಧಾನ ಅವನ ಮುಖಕ್ಕೆ ಬಂತು.

"ರೋಲಿ, ಯಾವ ಪುಡಿ ಒಳ್ಳೇದು ಹೇಳು," ಎಂದ. "ಎಷ್ಟು ದಿನ ನೆನೆಸಿದ್ರೆ ಹೋಗತ್ತೆ ಇದು?"

ಈ ಸಲ ಯಾರೂ ನಗಲಿಲ್ಲ. ರೋಲಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹೋಗಲ್ಲ ಕಣೋ," ಎಂದ.